ಮನಸ್ಸಿನ ಕಿರ್ದಿಯಲ್ಲಿ ಜಮಾ ಬದಿ ಖಾಲಿ ಇತ್ತು

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಆತಂಕದ ಬಗ್ಗೆ ಒಂದು ಬರಹ ಬಂದಿತ್ತು. ಎರಡು ಸಲ ಓದಿದೆ. ಎಲ್ಲ ಸರಿಯಾಗೇ ಇತ್ತು, ಆದರೆ ಕೊನೆಗೆ 'ಸದಾ ಒಳ್ಳೆಯದನ್ನೇ ಯೋಚಿಸಿ' ಅಂತ ಒಂದು ಸಾಲು ಹಾಕಿ ಮುಗಿಸಿಬಿಟ್ಟಿದ್ದರು. ಆ ಸಾಲು ನನ್ನನ್ನ ಬಿಡಲಿಲ್ಲ. ರಾತ್ರಿ ಮೂರು ಗಂಟೆಗೆ ಎದೆ ಡವಡವ ಹೊಡೆದುಕೊಳ್ಳುವಾಗ, ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುವಾಗ, ಒಳ್ಳೆಯದನ್ನ ಯೋಚಿಸುವುದು ಹೇಗೆ ಅಂತ ಯಾರೂ ಹೇಳುವುದಿಲ್ಲ. ನನಗೂ ಗೊತ್ತಿರಲಿಲ್ಲ. ಎರಡು ವರ್ಷದಿಂದ ಸ್ವಲ್ಪ ಸ್ವಲ್ಪ ಕಲಿಯುತ್ತಿದ್ದೇನೆ. ಅದನ್ನೇ ಬರೆಯುತ್ತಿದ್ದೇನೆ, ಜಾಗ ಇದ್ದರೆ ಹಾಕಿ.

ನಾನು ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. 26 ವರ್ಷ ಆಯ್ತು. ಮೆಕ್ಕೆಜೋಳದ ಸೀಸನ್ ಶುರುವಾದರೆ ನಮಗೆ ಹಗಲು ರಾತ್ರಿ ಗೊತ್ತಾಗುವುದಿಲ್ಲ. ತೂಕದ ಚೀಟಿ, ಹಮಾಲಿ ಲೆಕ್ಕ, ರೈತರಿಗೆ ಕೊಡುವ ದುಡ್ಡು, ಇವೆಲ್ಲ ಸಂಜೆಗೆ ತಾಳೆ ಆಗಬೇಕು. ಆಗದಿದ್ದರೆ ಮನೆಗೆ ಹೋಗುವ ಹಾಗಿಲ್ಲ. ಈ ಕೆಲಸದಲ್ಲಿ ಟೆನ್ಶನ್ ಇದ್ದದ್ದೇ. ಅದು ರೂಢಿಯಾಗಿತ್ತು. ರೂಢಿಯಾಗಿದೆ ಅಂತ ನಾನು ಅಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ, ದೀಪಾವಳಿ ಮುಗಿದ ಮೇಲೆ ಒಂದು ರಾತ್ರಿ ನಿದ್ದೆಯಿಂದ ಧಡಕ್ಕನೆ ಎದ್ದೆ. ಎದೆ ಹಿಡಿದ ಹಾಗೆ. ಕೈ ಜೋಮು. ಬೆವರು. ಮನೆ ಸಾಲ, ಮಗಳ ಫೀಸು, ಅವ್ವನ ಮಂಡಿ ಆಪರೇಷನ್ನು, ಎಲ್ಲ ಒಟ್ಟಿಗೆ ತಲೆ ಮೇಲೆ ಕೂತ ಹಾಗಾಯಿತು. ಇದು ಹಾರ್ಟ್ ಅಟ್ಯಾಕೇ, ಇನ್ನು ಮುಗೀತು ಅಂದುಕೊಂಡೆ. ಹೆಂಡತಿ ಪಕ್ಕದ ಮನೆಯವರನ್ನ ಎಬ್ಬಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಇಸಿಜಿ ಮಾಡಿದರು, ರಕ್ತ ಪರೀಕ್ಷೆ ಮಾಡಿದರು, ಬೆಳಗಿನವರೆಗೂ ಇಟ್ಟುಕೊಂಡಿದ್ದರು. ಬೆಳಿಗ್ಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಬಂದು ಮಂಚದ ಅಂಚಿನಲ್ಲಿ ಕೂತು, ಹೃದಯಕ್ಕೆ ಏನೂ ಆಗಿಲ್ಲ, ಇದು ಆತಂಕ, ಭಯ ಜಾಸ್ತಿ ಆದಾಗ ಮೈ ಹೀಗೇ ಮಾಡುತ್ತೆ ಅಂತ ಸಮಾಧಾನವಾಗಿ ಹೇಳಿದರು. ನಿಜ ಹೇಳಬೇಕು ಅಂದರೆ ನನಗೆ ಸಮಾಧಾನಕ್ಕಿಂತ ನಾಚಿಕೆಯೇ ಜಾಸ್ತಿ ಆಯ್ತು. ಹೃದಯದ ಕಾಯಿಲೆ ಆಗಿದ್ದರೆ ನಾಲ್ಕು ಜನಕ್ಕೆ ಹೇಳಬಹುದಿತ್ತು. ಇದನ್ನ ಯಾರಿಗೆ ಹೇಳುವುದು? ತಲೆ ಕೆಟ್ಟಿದೆ ಅಂದುಬಿಡುತ್ತಾರೆ.

ಆಮೇಲೆ ಮೂರು ತಿಂಗಳು ನಾನು ನಡೆದುಕೊಂಡ ರೀತಿ ಹೇಳುತ್ತೇನೆ, ಓದುವವರಲ್ಲಿ ಯಾರಿಗಾದರೂ ಹೀಗೇ ಆಗುತ್ತಿರಬಹುದು. ಗಂಟೆಗೊಮ್ಮೆ ನಾಡಿ ಹಿಡಿದು ನೋಡುವುದು. ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಂತರೂ ಕೈ ಕತ್ತಿನ ಹತ್ತಿರ ಹೋಗುತ್ತಿತ್ತು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಫೋನು, ಫೋನಿನಲ್ಲಿ ಅಪಘಾತ, ಸಾವು, ಸಾಲ, 40 ವರ್ಷದವರಿಗೆ ಹೃದಯಾಘಾತ. ನೋಡಿದಷ್ಟೂ ಅಂಥದ್ದೇ ಇನ್ನಷ್ಟು ಬರುತ್ತಿತ್ತು. ನಾನು ಏನನ್ನ ನೋಡುತ್ತೇನೋ ಅದನ್ನೇ ಫೋನು ತಂದು ಮುಂದೆ ಹಾಕುತ್ತೆ ಅಂತ ಆಗ ನನಗೆ ಹೊಳೆದಿರಲಿಲ್ಲ. ಊಟ ಮಾಡುತ್ತಿದ್ದೆ, ರುಚಿ ಗೊತ್ತಾಗುತ್ತಿರಲಿಲ್ಲ. ಮಗ ಏನೋ ಹೇಳುತ್ತಿದ್ದ, ಹೂಂ ಅನ್ನುತ್ತಿದ್ದೆ, ಒಂದು ಮಾತೂ ಒಳಗೆ ಹೋಗುತ್ತಿರಲಿಲ್ಲ.

ನನ್ನ ಮಗಳು ಮನಃಶಾಸ್ತ್ರ ಓದುತ್ತಿದ್ದಾಳೆ. ಸಂಕ್ರಾಂತಿ ರಜೆಗೆ ಬಂದವಳು ಎರಡು ದಿನ ಸುಮ್ನೆ ನನ್ನನ್ನ ನೋಡಿದಳು. ಮೂರನೇ ದಿನ ಕೇಳಿದಳು.

"ಅಪ್ಪಾಜಿ, ನಿನ್ನೆ ಏನೇನಾಯ್ತು ಹೇಳಿ ನೋಡೋಣ."

ಹೇಳಿದೆ. ಒಂದು ಲೋಡಿನ ತೂಕದಲ್ಲಿ ತಕರಾರು ಆದದ್ದು, ಸಾಹುಕಾರರು ಮುಖ ಗಂಟು ಹಾಕಿಕೊಂಡದ್ದು, ಬ್ಯಾಂಕಿನಿಂದ ಫೋನು ಬಂದದ್ದು, ಎದೆಯಲ್ಲಿ ಚುಳ್ ಅಂದದ್ದು.

"ಅಷ್ಟೇನಾ? ಮಧ್ಯಾಹ್ನ ಅವ್ವ ಮಾಡಿದ್ದ ಅವರೆಕಾಳು ಸಾರು ಎರಡು ಸಲ ಹಾಕಿಸಿಕೊಂಡ್ರಿ. ಅಜ್ಜಿ ಕೋಲು ಇಲ್ಲದೆ ಬಚ್ಚಲ ತನಕ ನಡೆದರು, ನೀವೇ ನೋಡಿದ್ರಿ. ಅದು ನಿನ್ನೆ ಅಲ್ವಾ?"

ಹೌದು, ನಿನ್ನೆಯೇ. ಕಣ್ಣಾರೆ ನೋಡಿದ್ದೆ. ಆದರೆ ಅದು ಲೆಕ್ಕಕ್ಕೆ ಬಂದಿರಲಿಲ್ಲ. ಮಾರನೇ ದಿನ ಅಂಗಡಿಯಲ್ಲಿ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ ಮುಂದೆ ಇಟ್ಟುಕೊಂಡು ಕೂತಾಗ ನನಗೆ ಈ ಮಾತಿನ ಅರ್ಥ ಆಯ್ತು. ಎಡಗಡೆ ಜಮಾ, ಬಲಗಡೆ ಖರ್ಚು. ಬರೀ ಖರ್ಚು ಬರೆದು ಜಮಾ ಬಿಟ್ಟರೆ ಆ ಲೆಕ್ಕಕ್ಕೆ ಸುಳ್ಳು ಲೆಕ್ಕ ಅನ್ನುತ್ತೇವೆ. ಯಾವ ಸಾಹುಕಾರನೂ ಅಂಥ ಗುಮಾಸ್ತನನ್ನ ಒಂದು ದಿನ ಇಟ್ಟುಕೊಳ್ಳುವುದಿಲ್ಲ. ನನ್ನ ಮನಸ್ಸು ತಿಂಗಳುಗಟ್ಟಲೆ ಹಾಗೇ ಬರೆಯುತ್ತಿತ್ತು. ಒಳ್ಳೆಯದು ಬಂದಿರಲಿಲ್ಲ ಅಂತಲ್ಲ. ಬರೆದುಕೊಂಡಿರಲಿಲ್ಲ.

ಇದು ನನ್ನೊಬ್ಬನ ಕಥೆ ಅಲ್ಲವಂತೆ. ಮನುಷ್ಯನ ಮಿದುಳೇ ಹಾಗಿದೆ ಅಂತ ಮಗಳು ಹೇಳಿದಳು. ಹೊಲದ ಬದುವಿನಲ್ಲಿ ಸರಕ್ ಅಂತ ಸದ್ದಾದರೆ, ಹಾವು ಅಂತ ಹಿಂದೆ ಹಾರಿದವನು ಬದುಕಿಕೊಂಡ. ಗಾಳಿ ಇರಬೇಕು ಅಂತ ನಿಂತವನಿಗೆ ಒಂದಲ್ಲ ಒಂದು ದಿನ ಕಚ್ಚಿತು. ನಾವೆಲ್ಲ ಹಿಂದೆ ಹಾರಿದವರ ಮಕ್ಕಳು. ಅದಕ್ಕೇ ಹತ್ತು ಜನ ಹೊಗಳಿದ್ದು ಮರೆತುಹೋಗುತ್ತೆ, ಒಬ್ಬ ಬೈದದ್ದು ರಾತ್ರಿಯೆಲ್ಲಾ ಕೊರೆಯುತ್ತೆ. 2001ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ರಾಯ್ ಬಾಮೈಸ್ಟರ್ ಮತ್ತು ಅವರ ಸಂಗಡಿಗರು ಅಲ್ಲಿಯವರೆಗೆ ನಡೆದಿದ್ದ ಬೇಕಾದಷ್ಟು ಅಧ್ಯಯನಗಳನ್ನ ಒಟ್ಟು ಮಾಡಿ ನೋಡಿ ಇದನ್ನೇ ಹೇಳಿದ್ದಾರೆ, ಒಳ್ಳೆಯದಕ್ಕಿಂತ ಕೆಟ್ಟದ್ದು ಮನಸ್ಸಿಗೆ ಜೋರಾಗಿ ತಾಗುತ್ತೆ ಅಂತ. ಇದನ್ನ ಕೇಳಿದ ಮೇಲೆ ನನ್ನ ನಾಚಿಕೆ ಅರ್ಧ ಕಡಿಮೆ ಆಯ್ತು. ನನ್ನಲ್ಲಿ ಏನೋ ಕೊರತೆ ಇದೆ ಅಂತಲ್ಲ. ಕೆಟ್ಟದ್ದು ತಾನಾಗೇ ಬರೆಸಿಕೊಳ್ಳುತ್ತೆ, ಒಳ್ಳೆಯದನ್ನ ನಾವೇ ಕೂತು ಬರೆಯಬೇಕು, ಅಷ್ಟೇ.

ಒಂದು ಉದ್ದದ ನೋಟ್‌ಬುಕ್ ತಂದೆ. ರಾತ್ರಿ ಮಲಗುವ ಮುಂಚೆ ಮೂರು ಜಮಾ ಬರೆಯಬೇಕು, ಪ್ರತಿಯೊಂದರ ಮುಂದೆ ಅದು ಯಾಕೆ ಆಯ್ತು ಅಂತ ಒಂದು ಸಾಲು. ಇದು ಮಗಳು ಕೊಟ್ಟ ಪಾಠ. ಮಾರ್ಟಿನ್ ಸೆಲಿಗ್ಮನ್ ಅನ್ನುವ ಮನಃಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು 2005ರಲ್ಲಿ ಇದನ್ನ ಪರೀಕ್ಷೆ ಮಾಡಿದ್ದರಂತೆ. ಒಂದೇ ವಾರ ಹೀಗೆ ಬರೆದವರಲ್ಲಿ ಆರು ತಿಂಗಳಾದ ಮೇಲೂ ಸಂತೋಷ ಹೆಚ್ಚಿತ್ತು, ಖಿನ್ನತೆಯ ಲಕ್ಷಣ ಕಡಿಮೆ ಇತ್ತು. ಅದರಲ್ಲೂ ವಾರ ಮುಗಿದ ಮೇಲೂ ಬಿಡದೆ ಬರೆದುಕೊಂಡು ಹೋದವರಿಗೆ ಜಾಸ್ತಿ ಉಪಯೋಗ ಆಗಿತ್ತು.

ಮೊದಲ ವಾರ ನನಗೇನೂ ಉಪಯೋಗ ಆಗಲಿಲ್ಲ. ಯಾಕೆ ಅಂದರೆ ದಿನಾ ಅದನ್ನೇ ಬರೆಯುತ್ತಿದ್ದೆ. ಆರೋಗ್ಯ ಇದೆ, ಹೆಂಡತಿ ಮಕ್ಕಳು ಚೆನ್ನಾಗಿದ್ದಾರೆ, ಕೆಲಸ ಇದೆ. ಮಗ್ಗಿ ಒಪ್ಪಿಸಿದ ಹಾಗೆ. ಮಗಳು ಫೋನಿನಲ್ಲಿ ಓದಿಸಿ ಕೇಳಿ, ಅಪ್ಪಾಜಿ, ನೀವು ಕಿರ್ದಿಲಿ 'ದುಡ್ಡು ಬಂತು' ಅಂತ ಬರೀತೀರಾ, ಯಾರಿಂದ ಎಷ್ಟು ಬಂತು ಅಂತ ಬರೀತೀರಾ ಅಂದಳು. ಸರಿಯಾದ ಮಾತು. ಅವತ್ತಿನಿಂದ ಅವತ್ತಿನದ್ದು ಮಾತ್ರ, ಸಣ್ಣದು, ಕಣ್ಣಿಗೆ ಕಂಡದ್ದು ಅಥವಾ ಕೈಗೆ ತಾಗಿದ್ದು ಮಾತ್ರ ಬರೆಯಲು ಶುರು ಮಾಡಿದೆ. ಆಗ ಒಂದು ಬದಲಾವಣೆ ಆಯ್ತು. ರಾತ್ರಿ ಬರೆಯಲಿಕ್ಕೆ ಬೇಕಲ್ಲ ಅಂತ ಹಗಲೆಲ್ಲ ಕಣ್ಣು ಹುಡುಕಲು ಶುರು ಮಾಡಿತು.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಯಾರ್ಡಿನಲ್ಲಿ ಚೀಲದ ಬಾಯಿಯ ಹೊಲಿಗೆ ಬಿಚ್ಚುವುದನ್ನ ನಾನು 26 ವರ್ಷದಿಂದ ನೋಡಿದ್ದೇನೆ, ಅಂದರೆ ನೋಡಿರಲಿಲ್ಲ. ಒಂದು ದಿನ ನಿಂತು ನೋಡಿದೆ. ಹೊಸ ಹುಡುಗ ಒಬ್ಬ ದಾರವನ್ನ ಹಲ್ಲಿನಲ್ಲಿ ಕಡಿದು, ಚೂರಿಯಲ್ಲಿ ಕುಯ್ದು ಒದ್ದಾಡುತ್ತಿದ್ದ. ವಯಸ್ಸಾದ ಹಮಾಲರೊಬ್ಬರು ಬಂದು ಚೀಲವನ್ನ ತಮ್ಮ ಕಡೆ ತಿರುಗಿಸಿಕೊಂಡರು. ಹೊಲಿಗೆಯ ಒಂದು ತುದಿಯಲ್ಲಿ ಎರಡು ಎಳೆ ಸಡಿಲ ಮಾಡಿ, ಹೆಬ್ಬೆರಳಿಗೆ ಸುತ್ತಿಕೊಂಡು ಎಳೆದರು. ಸರ್ರ್ ಅಂತ ಇಡೀ ಬಾಯಿ ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು, ದಾರ ತುಂಡಾಗದೆ ಅವರ ಕೈಯಲ್ಲಿ ಉಳಿಯಿತು. ಅದನ್ನ ಸುರುಳಿ ಮಾಡಿ ಕಿವಿ ಮೇಲೆ ಸಿಕ್ಕಿಸಿಕೊಂಡರು. ಚೀಲದಿಂದ ಹಳದಿ ಜೋಳ ಸುರಿಯುವಾಗ ಬರುವ ಒಣ ವಾಸನೆ ಮೂಗಿಗೆ ಬಂತು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಆ ಎರಡು ನಿಮಿಷ ನನಗೆ ನನ್ನ ಎದೆಯ ನೆನಪು ಬರಲಿಲ್ಲ. ಅದು ನೆನಪಾಗಲಿಲ್ಲ ಅನ್ನುವುದು ಆಮೇಲೆ ನೆನಪಾಗಿ ಗಂಟಲು ಕಟ್ಟಿತು. ತಿಂಗಳುಗಳಾಗಿದ್ದವು ಅಂಥ ಎರಡು ನಿಮಿಷ ಸಿಕ್ಕಿ.

ಅವತ್ತು ರಾತ್ರಿ ಜಮಾ ಬದಿಯಲ್ಲಿ ಬರೆದೆ: ಚೀಲದ ದಾರ. ಯಾಕೆ ಆಯ್ತು: ಅವರಿಗೆ ಕೆಲಸ ಗೊತ್ತಿತ್ತು, ನಾನು ನಿಂತೆ.

ಬೆಳಗಿನ ಫೋನು ಬಿಟ್ಟದ್ದು ಎರಡನೇ ಕೆಲಸ. ಇದು ಬರೆಯುವುದಕ್ಕಿಂತ ಕಷ್ಟ ಆಯ್ತು. ಫೋನನ್ನ ಅಡುಗೆ ಮನೆಯ ಡಬ್ಬಿಗಳ ಹಿಂದೆ ಇಟ್ಟು ಮಲಗುತ್ತೇನೆ, ಎದ್ದು ಕುಂದವಾಡ ಕೆರೆಗೆ ಹೋಗಿ ಬರುವ ತನಕ ಮುಟ್ಟುವುದಿಲ್ಲ. ಕೆರೆ ಏರಿ ಮೇಲೆ ನಡೆಯುವವರು ಸಾವಿರ ಜನ ಇದ್ದಾರೆ, ಅದರಲ್ಲಿ ಅರ್ಧ ಜನ ಕಿವಿಗೆ ಏನೋ ಸಿಕ್ಕಿಸಿಕೊಂಡು ಸುದ್ದಿ ಕೇಳುತ್ತಾ ನಡೆಯುತ್ತಾರೆ. ನಾನೂ ಹಾಗೇ ಇದ್ದವನು. ಈಗ ಒಂದು ಸುತ್ತು ಮಾತ್ರ ಬರಿಗಿವಿಯಲ್ಲಿ ನಡೆಯುತ್ತೇನೆ. ನೀರುಕಾಗೆ ಮುಳುಗಿದರೆ ಎಲ್ಲಿ ಏಳುತ್ತೆ ಅಂತ ನೋಡುತ್ತಾ ನಿಲ್ಲುತ್ತೇನೆ. ನಾವು ಅಂದುಕೊಂಡ ಕಡೆ ಅದು ಯಾವತ್ತೂ ಏಳುವುದಿಲ್ಲ. ಎದ್ದ ಮೇಲೆ ಕಲ್ಲಿನ ಮೇಲೆ ಕೂತು ರೆಕ್ಕೆ ಎರಡೂ ಅಗಲಿಸಿ ಒಣಗಿಸಿಕೊಳ್ಳುತ್ತೆ, ಹಗ್ಗದ ಮೇಲೆ ಕರಿ ಕೋಟು ಹರವಿದ ಹಾಗೆ. ಭದ್ರಾ ಕಾಲುವೆಯಿಂದ ಬರುವ ಈ ನೀರನ್ನೇ ನಾವು ಕುಡಿಯುವುದು. ಇಷ್ಟು ವರ್ಷ ನಲ್ಲಿ ನೀರು ಬರಲಿಲ್ಲ ಅಂತ ಬೈದದ್ದು ನೆನಪಿದೆ, ಬಂದ ದಿನ ನೆನಪಿಲ್ಲ. ನೀರು ಬರದಿದ್ದರೆ ಈಗಲೂ ಕೇಳುತ್ತೇನೆ, ಕೇಳಲೇಬೇಕು. ಬಂದ ದಿನ ಕೊಡ ತುಂಬುವಾಗ ಸದ್ದು ಸಣ್ಣದಾಗುತ್ತಾ ಹೋಗುವುದನ್ನ ಕೇಳಿಸಿಕೊಳ್ಳುತ್ತೇನೆ, ಅಷ್ಟೇ ವ್ಯತ್ಯಾಸ.

ಶನಿವಾರ ಮಂಡಕ್ಕಿ ತರಲು ಭಟ್ಟಿಗಳ ಕಡೆ ಹೋದರೆ ಅಲ್ಲೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕಾದ ಮರಳಿಗೆ ಅಕ್ಕಿ ಬಿದ್ದ ಕೂಡಲೇ ತಗಡಿನ ಮೇಲೆ ಮಳೆ ಬಿದ್ದ ಹಾಗೆ ಸದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಬಾಣಲೆ ತುಂಬ ಬೆಳ್ಳಗೆ. ಮುಖಕ್ಕೆ ಬಿಸಿ ಹೊಡೆಯುತ್ತೆ. ಅಲ್ಲಿ ದುಡಿಯುವವರ ಹುಬ್ಬಿನ ಮೇಲೆಲ್ಲ ಬೂದಿ ಇರುತ್ತೆ, ಆ ಹೊಗೆ ಅವರ ಎದೆಗೆ ಒಳ್ಳೆಯದಲ್ಲ. ಅದೂ ಕಾಣುತ್ತೆ. ಒಳ್ಳೆಯದನ್ನ ನೋಡುವುದು ಅಂದರೆ ಕೆಟ್ಟದ್ದಕ್ಕೆ ಕಣ್ಣು ಮುಚ್ಚುವುದು ಅಂತ ಕೆಲವರು ತಿಳಿದಿದ್ದಾರೆ. ನನ್ನ ಅನುಭವ ಬೇರೆ. ನಿಂತು ನೋಡಲು ಕಲಿತರೆ ಎರಡೂ ಕಾಣುತ್ತೆ. ಭಯದಲ್ಲಿ ಇದ್ದಾಗ ನನಗೆ ಎರಡೂ ಕಾಣುತ್ತಿರಲಿಲ್ಲ, ನನ್ನ ನಾಡಿ ಒಂದೇ ಕಾಣುತ್ತಿತ್ತು.

ಸರಿ, ಹಗಲಿನ ಮಾತಾಯ್ತು. ರಾತ್ರಿ ಮೂರು ಗಂಟೆಗೆ ಎಚ್ಚರ ಆದರೆ? ಆಗ ನೀರುಕಾಗೆ, ಮಂಡಕ್ಕಿ ಯಾವುದೂ ನೆನಪಿಗೆ ಬರುವುದಿಲ್ಲ. ಆಗ ಉಸಿರು ಒಂದೇ ಕೈಗೆ ಸಿಗುವುದು. ಉಸಿರು ಎಳೆದುಕೊಳ್ಳುವಾಗ ಎದೆಬಡಿತ ಒಂಚೂರು ಜೋರಾಗುತ್ತೆ, ಬಿಡುವಾಗ ನಿಧಾನ ಆಗುತ್ತೆ. ಮಿದುಳಿನಿಂದ ಹೃದಯದ ತನಕ ಬರುವ ವೇಗಸ್ ಅನ್ನುವ ನರ ಈ ಕೆಲಸ ಮಾಡುತ್ತೆ. ಹಾಗಾಗಿ ಎಳೆಯುವುದಕ್ಕಿಂತ ಬಿಡುವುದು ಉದ್ದ ಇರಬೇಕು. ನಾನು ನಾಲ್ಕು ಎಣಿಸುತ್ತಾ ಎಳೆದು ಆರು ಎಣಿಸುತ್ತಾ ಬಿಡುತ್ತೇನೆ, ಜೋರು ಮಾಡಿ ಎಳೆಯುವುದಿಲ್ಲ. ಅದರ ಜೊತೆ ಕೈಗೆ ತಾಗುವುದನ್ನ ಒಂದೊಂದೇ ಹೆಸರಿಸುತ್ತೇನೆ. ದಿಂಬಿನ ಬಟ್ಟೆ ತಣ್ಣಗಿದೆ. ಫ್ಯಾನು ಮೂರನೇ ಸುತ್ತಿಗೊಮ್ಮೆ ಟಿಕ್ ಅನ್ನುತ್ತಿದೆ. ದೂರದಲ್ಲಿ ರೈಲು ಹೋಯ್ತು. ಹೆಂಡತಿ ಮಗ್ಗುಲು ಬದಲಿಸಿದಳು. ಕೆಲವು ರಾತ್ರಿ ಐದು ನಿಮಿಷಕ್ಕೆ ಎದೆ ಇಳಿಯುತ್ತೆ, ಕೆಲವು ರಾತ್ರಿ ಅರ್ಧ ಗಂಟೆ. ಒಂದೆರಡು ರಾತ್ರಿ ಇಳಿಯಲೇ ಇಲ್ಲ, ಎದ್ದು ನೀರು ಕುಡಿದು ಬಾಗಿಲ ಮೆಟ್ಟಿಲ ಮೇಲೆ ಕೂತು ಬೆಳಗು ಮಾಡಿದೆ.

ಚಿಂತೆಗೆ ಉದ್ರಿ ಪುಸ್ತಕ, ಅಂದರೆ ಆಮೇಲೆ ತೀರಿಸುವ ಬಾಕಿ ಲೆಕ್ಕ, ಒಂದು ಮಾಡಿದ್ದೇನೆ. ಹಗಲಿನಲ್ಲಿ ಯಾವುದೇ ಚಿಂತೆ ಬರಲಿ, ಚೀಟಿಯಲ್ಲಿ ಎರಡು ಪದ ಬರೆದು ಜೇಬಿಗೆ ಹಾಕುತ್ತೇನೆ, ಸಂಜೆ ಆರೂವರೆಗೆ ಅರ್ಧ ಗಂಟೆ ಕೂತು ಒಂದೊಂದೇ ತೆಗೆದು ನೋಡುತ್ತೇನೆ. ಚಿಂತೆ ಮಾಡಲು ಹೀಗೆ ಹೊತ್ತು ಗೊತ್ತು ಮಾಡಿಕೊಳ್ಳುವ ಪದ್ಧತಿ ಹೊಸದಲ್ಲವಂತೆ, 1983ರಲ್ಲೇ ಅಮೆರಿಕದಲ್ಲಿ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು ಇದನ್ನ ಪ್ರಯೋಗ ಮಾಡಿ ಬರೆದಿದ್ದಾರೆ. ಬೇಡ ಅಂದರೆ ಚಿಂತೆ ಕೇಳುವುದಿಲ್ಲ, ಆಮೇಲೆ ಬಾ ಅಂದರೆ ಕೇಳುತ್ತೆ. ಸಂಜೆ ಚೀಟಿ ತೆಗೆದರೆ ಎಷ್ಟೋ ಚಿಂತೆಗಳು ಬೆಳಿಗ್ಗೆ ಇದ್ದಷ್ಟು ದೊಡ್ಡದು ಇರುವುದಿಲ್ಲ. ಕೆಲವು ಹಾಗೇ ದೊಡ್ಡದಾಗೇ ಇರುತ್ತವೆ. ಅವುಗಳ ಮುಂದೆ ನಾಳೆ ಮಾಡಬೇಕಾದ ಒಂದು ಕೆಲಸ ಬರೆಯುತ್ತೇನೆ. ಬ್ಯಾಂಕಿನವರ ಹತ್ತಿರ ಹೋಗಿ ಕಂತಿನ ಬಗ್ಗೆ ಮಾತಾಡಿದ್ದು ಹಾಗೇ. ಮೂರು ತಿಂಗಳು ಅವರ ಫೋನು ಬಂದರೆ ಕಟ್ ಮಾಡುತ್ತಿದ್ದವನು, ಹೋಗಿ ಕೂತು ಮಾತಾಡಿ ಬಂದೆ.

ಇಲ್ಲಿ ಒಂದು ತಪ್ಪನ್ನ ಹೇಳಿಕೊಳ್ಳಬೇಕು. ನೋಟ್‌ಬುಕ್ ಶುರು ಮಾಡಿದ ಹೊಸದರಲ್ಲಿ ನನಗೆ ಎಲ್ಲರಿಗೂ ಇದನ್ನ ಹೇಳುವ ಹುಮ್ಮಸ್ಸು. ಜಗಳೂರು ಕಡೆಯ ಒಬ್ಬ ರೈತರು ಒಕ್ಕಿ ರಸ್ತೆ ಮೇಲೆ ಹರವಿದ್ದ ಮೆಕ್ಕೆಜೋಳ ಅಕಾಲ ಮಳೆಗೆ ಸಿಕ್ಕಿ, ತೇವಾಂಶ ಜಾಸ್ತಿ ಅಂತ ರೇಟು ಬಿದ್ದು, ಚೀಟಿ ಕೈಯಲ್ಲಿ ಹಿಡಿದುಕೊಂಡು ನಮ್ಮ ಅಂಗಡಿ ಕಟ್ಟೆ ಮೇಲೆ ಕೂತಿದ್ದರು. ನಾನು ಹೋಗಿ, ಆದದ್ದು ಆಯ್ತು, ಒಳ್ಳೆಯದನ್ನ ಯೋಚನೆ ಮಾಡಿ ಅಂದೆ. ಅವರು ನನ್ನನ್ನ ನೋಡಿ, "ಯಾವ್ದು ಗುಮಾಸ್ತರೇ ಒಳ್ಳೇದು?" ಅಂದರು. ಬೈಯಲಿಲ್ಲ, ನಿಜವಾಗಿ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಆ ಮುಖ ಕಣ್ಣ ಮುಂದಿದೆ. ರೇಟು ಬಿದ್ದವನಿಗೆ ರೇಟು ಬೇಕು, ಸಾಲ ಆದವನಿಗೆ ಸಾಲಕ್ಕೆ ದಾರಿ ಬೇಕು. ಅವರ ಪಕ್ಕ ಸುಮ್ನೆ ಕೂತು ಟೀ ತರಿಸಬೇಕಿತ್ತು. ಜಮಾ ಪುಟ ಅವರವರೇ ಬರೆದುಕೊಳ್ಳುವಂಥದ್ದು, ಇನ್ನೊಬ್ಬರ ಪುಸ್ತಕದಲ್ಲಿ ನಾವು ಬರೆಯಲಿಕ್ಕೆ ಆಗುವುದಿಲ್ಲ. ನಿಮ್ಮ ಬರಹದ ಆ ಕೊನೆ ಸಾಲು ನನ್ನನ್ನ ಕಾಡಿದ್ದು ಇದಕ್ಕೇ.

ಇನ್ನೊಂದನ್ನೂ ಮುಚ್ಚಿಡದೆ ಹೇಳುತ್ತೇನೆ. ಬರೀ ನೋಟ್‌ಬುಕ್ಕಿನಿಂದ ನನಗೆ ಗುಣ ಆಗಲಿಲ್ಲ. ಮನೋವೈದ್ಯರ ಹತ್ತಿರ ಹೋದೆ, ಆರು ತಿಂಗಳು ಮಾತ್ರೆ ತಗೊಂಡೆ, ಅವರು ಹೇಳಿದ ಹಾಗೆ ನಿಧಾನಕ್ಕೆ ಕಡಿಮೆ ಮಾಡಿ ನಿಲ್ಲಿಸಿದೆ. ಒಳ್ಳೆಯದನ್ನ ನೆನೆದು ಬರೆಯುವ ಇಂಥ ಕೃತಜ್ಞತೆಯ ಅಭ್ಯಾಸಗಳ ಬಗ್ಗೆ ನಡೆದ 27 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದವರು ಆತಂಕ ಮತ್ತು ಖಿನ್ನತೆ ಮೇಲೆ ಇವುಗಳ ಪರಿಣಾಮ ಸಣ್ಣದು ಅಂತಲೇ ಬರೆದಿದ್ದಾರೆ. ಮಗಳೇ ಇದನ್ನ ತೋರಿಸಿದಳು, ಯಾಕೆ ಅಂದರೆ ನಾನು ಮಾತ್ರೆ ಬೇಡ, ಪುಸ್ತಕ ಸಾಕು ಅಂತ ಹಟ ಹಿಡಿದಿದ್ದೆ. ಸಣ್ಣದು ಅಂದರೆ ಇಲ್ಲ ಅಂತಲ್ಲ. ಸಾರಿಗೆ ಉಪ್ಪು ಎಷ್ಟು ಹಾಕುತ್ತೇವೆ? ಆದರೆ ಉಪ್ಪನ್ನೇ ಊಟ ಅನ್ನಲಿಕ್ಕೆ ಆಗುವುದಿಲ್ಲ. ನಿದ್ದೆ ವಾರಗಟ್ಟಲೆ ಇಲ್ಲದವರು, ಬದುಕುವುದೇ ಬೇಡ ಅನ್ನಿಸುತ್ತಿರುವವರು, ಕೆಲಸಕ್ಕೆ ಹೋಗಲಿಕ್ಕೇ ಆಗದವರು ದಯವಿಟ್ಟು ನೋಟ್‌ಬುಕ್ ನಂಬಿಕೊಂಡು ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಮತ್ತೆ ಎದೆನೋವು ಬಂದರೆ ಇದು ಆತಂಕವೇ ಇರಬೇಕು ಅಂತ ನೀವೇ ತೀರ್ಮಾನ ಮಾಡಬೇಡಿ, ಮೊದಲು ಇಸಿಜಿ ಮಾಡಿಸಿ.

ಹೋಗಲಿಕ್ಕೆ ನಾಚಿಕೆ ಪಡುವವರಿಗೆ ಒಂದು ವಿಷಯ. 2015-16ರಲ್ಲಿ ನಿಮ್ಹಾನ್ಸ್‌ನವರು 12 ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಹತ್ತು ಜನಕ್ಕಿಂತ ಸ್ವಲ್ಪ ಜಾಸ್ತಿಯೇ ಯಾವುದಾದರೂ ಮಾನಸಿಕ ತೊಂದರೆಯಲ್ಲಿದ್ದರು, ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನೂರಕ್ಕೆ ಹತ್ತು ಅಂದರೆ ನಮ್ಮ ಯಾರ್ಡಿನಲ್ಲಿ ಎಷ್ಟು ಜನ ಆಗಬಹುದು ಅಂತ ನಾನು ಒಂದು ದಿನ ಕೂತು ಲೆಕ್ಕ ಹಾಕಿದೆ, ಆಮೇಲೆ ಒಬ್ಬೊಬ್ಬರ ಮುಖ ನೋಡುವ ರೀತಿಯೇ ಬದಲಾಯ್ತು. ಇದಕ್ಕೆ ಚಿಕಿತ್ಸೆ ದೊಡ್ಡ ಊರಿನವರಿಗೆ ಮಾತ್ರ ಅನ್ನುವುದೂ ತಪ್ಪು. ನಮಗೆ ಹತ್ತಿರದ ಬಳ್ಳಾರಿ ಜಿಲ್ಲೆಯಲ್ಲೇ 80ರ ದಶಕದಲ್ಲಿ ನಿಮ್ಹಾನ್ಸ್‌ನವರು ಹಳ್ಳಿ ಆಸ್ಪತ್ರೆ ಡಾಕ್ಟರುಗಳಿಗೆ, ಆರೋಗ್ಯ ಸಿಬ್ಬಂದಿಗೆ ತರಬೇತಿ ಕೊಟ್ಟು ಅಲ್ಲೇ ಚಿಕಿತ್ಸೆ ಸಿಗುವ ಹಾಗೆ ಮಾಡಿ ತೋರಿಸಿದರು. ಅದನ್ನೇ ಮಾದರಿ ಇಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು, ಮೊದಲು ಕೆಲವೇ ಜಿಲ್ಲೆಗಳಲ್ಲಿ, ಆಮೇಲೆ ದೇಶದ ಬೇರೆ ಕಡೆಗೂ ಬಂತು. ನಮ್ಮ ಸೀಮೆಯಲ್ಲೇ ಹುಟ್ಟಿದ್ದು, ನಾವೇ ಉಪಯೋಗಿಸಲು ನಾಚಿಕೊಂಡರೆ ಹೇಗೆ? 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಅಂತ ಸರ್ಕಾರದ ಫೋನ್ ಸೇವೆಯೂ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಆದ ಒಂದು ಬದಲಾವಣೆ ಹೇಳಿ ನನ್ನ ಕೋರಿಕೆಗೆ ಬರುತ್ತೇನೆ. ಮಗ ಪಿಯುಸಿ. ದಾವಣಗೆರೆ ಓದುವ ಮಕ್ಕಳ ಊರು, ಇಲ್ಲಿ ಯಾರ ಮನೆಗೆ ಹೋದರೂ ಮೊದಲ ಮಾತು ಮಾರ್ಕ್ಸು. ರಾತ್ರಿ ಊಟಕ್ಕೆ ಕೂತರೆ ನಾನೂ ಟೆಸ್ಟಿನಲ್ಲಿ ಎಷ್ಟು ಬಂತು ಅಂತಲೇ ಕೇಳುತ್ತಿದ್ದೆ, ಅವನು ತಟ್ಟೆ ನೋಡಿಕೊಂಡು ತಿನ್ನುತ್ತಿದ್ದ. ಈಗ ಇವತ್ತು ಏನು ಚೆನ್ನಾಗಿತ್ತು ಅಂತ ಒಬ್ಬೊಬ್ಬರೂ ಒಂದೊಂದು ಹೇಳುತ್ತೇವೆ. ಮೊದಲು ಅವನಿಗೆ ಮುಜುಗರ. ಏನಿಲ್ಲ ಅನ್ನುತ್ತಿದ್ದ. ಏನಿಲ್ಲ ಅಂದರೂ ಬಿಡುತ್ತಿದ್ದೆವು, ಒತ್ತಾಯ ಇಲ್ಲ. ಒಂದು ದಿನ ತಾನಾಗೇ, ಫಿಸಿಕ್ಸ್ ಟೆಸ್ಟಿನಲ್ಲಿ ಕಡಿಮೆ ಬಂತು ಅಪ್ಪಾಜಿ, ಆದರೆ ಪಕ್ಕದ ಹುಡುಗ ಮಧ್ಯಾಹ್ನ ಕೂತು ಆ ಲೆಕ್ಕ ಹೇಳಿಕೊಟ್ಟ, ಈಗ ಬರುತ್ತೆ ಅಂದ. ಕಡಿಮೆ ಬಂದದ್ದನ್ನ ಅವನೇ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ನನ್ನ ಅವ್ವ ಮಾತ್ರ ದಿನಾ ಒಂದೇ ಹೇಳುತ್ತಾರೆ, ಚಾ ಬಿಸಿ ಇತ್ತು ಅಂತ. ಅವರಿಗೆ ದಿನಾ ಅದು ನಿಜವಾಗಿ ಖುಷಿ, ಅದಕ್ಕೆ ನಾವು ತಿದ್ದುವುದಿಲ್ಲ.

ಈಗ ನಿಮ್ಮಲ್ಲಿ ಎರಡು ಕೋರಿಕೆ. ಪತ್ರಿಕೆಯ ದಾವಣಗೆರೆ ಪುಟದಲ್ಲಿ ದಿನಾ ನಾಲ್ಕೇ ಸಾಲಿನ ಒಂದು ಚೌಕ ಕೊಡಿ. ನಿನ್ನೆ ನಮ್ಮ ಊರಿನಲ್ಲಿ ನೆಟ್ಟಗೆ ನಡೆದದ್ದು ಏನು ಅಂತ. ಕಳೆದುಹೋದ ಪರ್ಸನ್ನ ಆಟೋದವರು ತಂದು ಕೊಟ್ಟದ್ದು, ಯಾವುದೋ ಶಾಲೆಯ ಮಕ್ಕಳು ನೆಟ್ಟ ಗಿಡ ಮೂರನೇ ವರ್ಷಕ್ಕೆ ಹೂ ಬಿಟ್ಟದ್ದು, ಒಡೆದ ಪೈಪು ಒಂದೇ ದಿನದಲ್ಲಿ ರಿಪೇರಿ ಆದದ್ದು. ಓದುಗರೇ ಕಳಿಸುತ್ತಾರೆ, ನಿಮಗೆ ಖರ್ಚಿಲ್ಲ. ಕೆಟ್ಟ ಸುದ್ದಿ ಹಾಕಬೇಡಿ ಅಂತ ನಾನು ಹೇಳುತ್ತಿಲ್ಲ. ಪೈಪು ಒಡೆದದ್ದು ನೀವು ಬರೆಯದಿದ್ದರೆ ಅದು ರಿಪೇರಿಯೂ ಆಗುವುದಿಲ್ಲ. ಒಡೆದದ್ದನ್ನ ಬರೆದ ಹಾಗೇ ಸರಿ ಆದದ್ದನ್ನೂ ಬರೆಯಿರಿ, ಎರಡೂ ನಡೆದದ್ದೇ ಅಲ್ವಾ? ಬೆಳಿಗ್ಗೆ ಚಾ ಕುಡಿಯುತ್ತಾ ಪತ್ರಿಕೆ ಬಿಡಿಸುವವರಲ್ಲಿ ನನ್ನಂಥವರು ಎಷ್ಟೋ ಜನ ಇದ್ದಾರೆ, ಅವರ ಕಣ್ಣಿಗೆ ದಿನಕ್ಕೆ ಒಂದಾದರೂ ಜಮಾ ಬೀಳಲಿ.

ಎರಡನೆಯದು, 14416 ಸಂಖ್ಯೆಯನ್ನ ಆತ್ಮಹತ್ಯೆಯ ಸುದ್ದಿ ಬಂದ ದಿನ ಮಾತ್ರ ಅಲ್ಲ, ದಿನಾ ಅದೇ ಚೌಕದ ಕೆಳಗೆ ಹಾಕಿ. ಮಳೆ, ಬಿಸಿಲು, ಅಡಿಕೆ ಧಾರಣೆ, ಬಂಗಾರದ ರೇಟು ಹಾಕುತ್ತೀರಲ್ಲ, ಹಾಗೆ. ಆಗ ಅದನ್ನ ಯಾರೂ ಕದ್ದು ನೋಡಬೇಕಾಗಿಲ್ಲ.

ಪತ್ರ ಉದ್ದ ಆಯ್ತು, ಗೊತ್ತು. ಕತ್ತರಿಸಬೇಕಾದರೆ ಕೆರೆಯ ಮಾತು, ಭಟ್ಟಿಯ ಮಾತು ಕತ್ತರಿಸಿ. ಆ ರೈತರ ಮಾತು ಮತ್ತು ಆ ಐದು ಅಂಕಿ ಮಾತ್ರ ಬಿಡಬೇಡಿ.

ಇಂತಿ ನಿಮ್ಮ ಓದುಗ,
ನಿಟುವಳ್ಳಿ, ದಾವಣಗೆರೆ